ಪುದುಚೇರಿ ಹುಡುಗನ ಮನಿತನದ ಹೆಸರು

ಮೊಮ್ಮಗಳ ಮದುವೆ ನಿಕ್ಕಿಯಾಯಿತು. ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತು ನೆಟ್ಟಗೆ ಬರುವುದಿಲ್ಲ. ಹೇಳಿದವರಿಗೇ ತಿರುತಿರುಗಿ ಹೇಳುತ್ತಿದ್ದೇನೆಂದು ಸೊಸೆ ನಗುತ್ತಾಳೆ. ನಗಲಿ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು, ಆದದ್ದನ್ನು ಆದಹಾಗೆ ಬರೆಯುವುದಷ್ಟೇ ಗೊತ್ತು.

ಮೊಮ್ಮಗಳು ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಹುಡುಗ ಅಲ್ಲೇ ಎಕ್ಸ್‌ರೇ ತೆಗೆಯುವವನು, ಊರು ಪುದುಚೇರಿ. ಜಾತಿಯ ಜಗಳ ಹೋದ ವರ್ಷವೇ ಆಗಿ ಮುಗಿದಿತ್ತು. ನಮ್ಮ ಯಜಮಾನರು ಇಲ್ಲ. ಅವರ ಅಣ್ಣ, ನಮ್ಮ ಭಾವನವರೇ ಮನೆಗೆ ಹಿರಿಯರು. ತಿಂಗಳುಗಟ್ಟಲೆ ಮುಖ ತಿರುವಿಕೊಂಡಿದ್ದವರು ಕೊನೆಗೆ, "ಹುಡುಗಿ ಹಟ ಬಿಡಂಗಿಲ್ಲ, ಹುಡುಗ ಚೊಲೊ ಅದಾನ, ಮಾಡ್ರಿ" ಅಂದಿದ್ದರು. ಹಾಗಾಗಿ ಅವತ್ತು ಬೆಳಿಗ್ಗೆ ಅವನು ತಾಯಿಯನ್ನು ಕರೆದುಕೊಂಡು ನಮ್ಮೂರು ಹಡಗಲಿಯಲ್ಲಿ ಬಸ್ಸು ಇಳಿದಾಗ, ಇನ್ನು ವೀಳ್ಯ ಬದಲಿಸುವುದೊಂದೇ ಬಾಕಿ ಎಂದುಕೊಂಡಿದ್ದೆ.

ನಮ್ಮಲ್ಲಿ ವೀಳ್ಯಕ್ಕೆ ಕೈ ಹಾಕುವ ಮೊದಲು ಬೆಡಗು ಕೇಳಬೇಕು. ಬೆಡಗು ಅಂದರೆ ಮನೆತನದ ಮೂಲದ ಬಳ್ಳಿ. ಒಂದೇ ಬೆಡಗಿನವರು ಅಣ್ಣ ತಂಗಿ ಲೆಕ್ಕ, ಅವರಲ್ಲಿ ಕೊಟ್ಟು ತರುವ ಹಾಗಿಲ್ಲ. ನಮ್ಮದು ಮೆಣಸಿನ ಬೆಡಗು. ಯಾವುದೋ ಕಾಲದಲ್ಲಿ ಹಿರಿಯರು ಘಟ್ಟದ ಕಡೆಯಿಂದ ಕರಿಮೆಣಸಿನ ಹೇರು ಹೊಡಕೊಂಡು ಬಂದರಂತೆ. ಇವತ್ತಿಗೂ ನೆಲದ ಮೇಲೆ ಒಂದು ಕಾಳು ಬಿದ್ದರೆ ತುಳಿಯುವುದಿಲ್ಲ, ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ.

"ತಮ್ಮಾ, ನಿಮ್ಮದು ಯಾವ ಬೆಡಗು?" ಎಂದರು ಭಾವ. ಹುಡುಗ ಮೊಮ್ಮಗಳ ಮುಖ ನೋಡಿದ. "ಮನಿತನದ ಹೆಸರು ಕೇಳ್ತಾರ, ಹೇಳು" ಎಂದಳು ಅವಳು.

ಪಾಪ, ಅವನಿಗೆ ಅದು ಬಲು ಪ್ರೀತಿಯ ಮಾತು. ಚಾಪೆಯ ಮೇಲೆ ಮುಂದಕ್ಕೆ ಸರಿದು ಹೇಳತೊಡಗಿದ. ಅವನ ಹೆಸರಿನ ಬಾಲ ಫ್ರೆಂಚರದು. ಫ್ರಾನ್ಸಿನಲ್ಲಿ ಸಮುದ್ರದ ದಂಡೆಯ ಒಂದು ಊರಲ್ಲಿ ಮೆಣಸು ಮಾರುವವನೊಬ್ಬನಿದ್ದನಂತೆ. ಜನ ಅವನನ್ನು ಮೆಣಸಿನವನು ಎಂದೇ ಕರೆದು, ಅದೇ ಮನೆತನದ ಹೆಸರಾಯಿತಂತೆ. ಆ ಮನೆಯವರು ಯಾರೋ ಹಡಗು ಹತ್ತಿ ಪುದುಚೇರಿಗೆ ಬಂದರು. ಹುಡುಗನ ಮುತ್ತಾತ ಅವರ ಮನೆಯ ಅಡುಗೆಯವನು. ಫ್ರೆಂಚರ ಕಾನೂನಿಗೆ ಸೇರುವವರು ಹೊಸ ಹೆಸರು ಬರೆಸಬೇಕೆಂದಾಗ ಅವನು ಉಪ್ಪು ತಿಂದ ಮನೆಯ ಹೆಸರನ್ನೇ ಬರೆಸಿದ. ಅವನ ಮಗ ಆ ಹೆಸರು ಹೊತ್ತುಕೊಂಡು ಸೈಗಾನು ಅನ್ನುವ ದೂರದ ಊರಿಗೆ ನೌಕರಿಗೆ ಹೋದ, ಮುದುಕನಾಗಿ ತಿರುಗಿ ಬಂದ. ಈಗ ಅದು ನಮ್ಮ ಪಡಸಾಲೆಗೆ ಬಂದು ಕೂತಿದೆ.

"ಏನಂದಿ, ಮೆಣಸ?" ಎಂದರು ಭಾವ.

"ಹೌದು ತಾತ, ಮೆಣಸು."

ಭಾವ ವೀಳ್ಯದ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು.

"ದೊಡ್ಡಪ್ಪ, ಅದು ಫ್ರಾನ್ಸು ರೀ," ಎಂದ ನನ್ನ ಮಗ.

"ಎಲ್ಲಿದ್ರೇನಲೇ? ನಮ್ಮೋರು ಕುರಿ ಹಿಂದ ಮಹಾರಾಷ್ಟ್ರಕ್ಕ ಹೋಗಿ ಅಲ್ಲೇ ನಿಂತಾರ. ಅವರ ಬೆಡಗೇನು ಹೊಳಿ ದಾಟಿದ ಕೂಡ್ಲೆ ತೊಳದು ಹೋತೇನು?"

ಹುಡುಗ, "ಅದು ನಮ್ಮ ರಕ್ತದ ಹೆಸ್ರಲ್ಲ ತಾತ, ತಗೊಂಡಿದ್ದು," ಎಂದ.

"ತಗೊಂಡ ಹೆಸರಿನ ಸಂಗಾಟ ಬೆಡಗೂ ಬಂತು. ದತ್ತಕ ಹೋದಾವಗ ಹೋದ ಮನಿ ಬೆಡಗೇ ಅಲ್ಲೇನು? ನೀ ಈಕಿಗೆ ಅಣ್ಣ ಆಗಬೇಕಪ್ಪ. ನನ್ನ ಕೈಯಾಗ ಏನೂ ಇಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನಾನು ಹೆದರಿದ್ದು. ಸಿಟ್ಟಿಗೆ ಕಾಲು ಹಿಡಿಯಬಹುದು, ಬೆಡಗಿಗೆ ಏನು ಹಿಡಿಯುವುದು? ಮೊಮ್ಮಗಳು ನನ್ನ ಕಡೆ ನೋಡಿದಳು, ಸಣ್ಣಾಕಿದ್ದಾಗ ಜ್ವರ ಬಂದರೆ ನೋಡುತ್ತಿದ್ದ ಹಾಗೆ. ನಾನು ಸೆರಗಿನ ತುದಿ ಸುತ್ತುತ್ತ ಕೂತೆ. ಆಮೇಲೆ ಕೂಡಲಾರದೆ ಅಡುಗೆಮನೆಗೆ ಎದ್ದುಹೋದೆ.

ಹುಡುಗನ ತಾಯಿ ನನ್ನ ಹಿಂದೆಯೇ ಬಂದಳು. ಆಕೆಗೆ ಕನ್ನಡ ಬಾರದು, ನನಗೆ ತಮಿಳು ತಿಳಿಯದು. ಏನಾಯಿತು ಎಂದು ಕಣ್ಣಲ್ಲೇ ಕೇಳಿದಳು. ಯಾವ ಸನ್ನೆಯಲ್ಲಿ ಹೇಳಲಿ? ಮೊರದಲ್ಲಿದ್ದ ಬದನೆಕಾಯಿ ಎಳೆದುಕೊಂಡೆ. ಆಕೆ ಒಂದು ತೊಟ್ಟು ತೆಗೆದಳು, ನಾನೊಂದು ತೆಗೆದೆ. ಮದುವೆ ಮುರಿದರೆ ಈ ಪಲ್ಯವನ್ನು ಯಾರು ಉಣ್ಣಬೇಕು ಎನ್ನಿಸಿ ನನ್ನ ಕಣ್ಣು ತುಂಬಿತು. ಆಕೆ ನೋಡಿ ತಾನೂ ಅತ್ತಳು, ಕಾರಣ ಗೊತ್ತಿಲ್ಲದೆಯೇ.

ಆಗ ಸೊಸೆ, ಮೊಮ್ಮಗಳ ತಾಯಿ, ಪಡಸಾಲೆಯ ಕದದ ಹತ್ತಿರ ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡು ಹೇಳಿದಳು: "ಮಾವಾರ, ಒಮ್ಮಿ ಹೆಸರು ತಗೊಂಡಿದ್ದಕ್ಕ ಬೆಡಗು ಬಂತು ಅಂತೀರಿ. ಹಂಗಾರ ಇನ್ನೊಮ್ಮಿ ತಗೊಂಡ್ರ ಬದಲಾಗತೈತಲ್ರಿ? ಹುಡುಗನ್ನ ನಮ್ಮಣ್ಣನ ಮಡಿಲಿಗೆ ದತ್ತಕ ಹಾಕ್ರಿ. ನಮ್ಮ ತವರುಮನಿದು ಬೆಳ್ಳಿ ಬೆಡಗು."

ಭಾವ ಎದ್ದು ಹೋಗಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದರು. ತಮ್ಮ ಮಾತನ್ನು ತಾವೇ ದಾಟುವ ಹಾಗಿರಲಿಲ್ಲ. "ಹೆತ್ತಾಕಿನ್ನ ಕೇಳ್ರಿ ಮೊದ್ಲ," ಎಂದರು.

ಹುಡುಗ ತಾಯಿಗೆ ತಮಿಳಿನಲ್ಲಿ ವಿವರಿಸಿದ. ಮಗನನ್ನೇ ಕಸಿದುಕೊಳ್ಳುತ್ತಾರೆಂದು ಆಕೆ ಮೊದಲು ಗಾಬರಿಯಾದಳು. ಆಮೇಲೆ ಏನೋ ಹೇಳಿದಳು. "ಮುತ್ತಾತ ಹೆಸ್ರು ಬದಲಿಸಿದಾಗ ಮನೆ ಹೆಂಗಸ್ರನ್ನ ಯಾರೂ ಕೇಳಿರ್ಲಿಲ್ವಂತೆ. ಇವ್ರು ಕೇಳಿದ್ರಲ್ಲ, ಆಗ್ಲಿ ಅಂತಾಳೆ," ಎಂದ ಹುಡುಗ.

ಫೋನು ಹೋದ ಕೂಡಲೇ ಸೊಸೆಯ ಅಣ್ಣ ಕುರಿಗಳನ್ನು ಮಗನಿಗೆ ಒಪ್ಪಿಸಿ, ಇಟ್ಟಿಗಿ ಊರಿಂದ ಹೆಂಡತಿಯನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಹೊತ್ತು ಇಳಿಯುವುದರೊಳಗೆ ಬಂದ. ಕಡ್ಡಿಯಂಥ ಮನುಷ್ಯ. ಕಂಬಳಿ ಹಾಸಿ ಚಕ್ಕಳಮಕ್ಕಳ ಹಾಕಿ ತೊಡೆ ತಟ್ಟಿದ. ಹುಡುಗ ಆಳೆತ್ತರದವನು, ಹಿಂದೆ ಮುಂದೆ ನೋಡಿದ.

"ಭಾರ ಆಗ್ತೀನಿ ಮಾವ."

"ಮಾವ ಅಲ್ಲಲೇ, ಅಪ್ಪ ಅನ್ನು. ಟಗರು ಹೊತ್ತಾವ ನಾ, ಕುಂದ್ರು."

ಕೂತ. ಹಣೆಗೆ ಭಂಡಾರದ ಅರಿಶಿಣ ಹಚ್ಚಿದರು. ಹೊಸ ತಾಯಿ ಬೆರಳಿಂದ ಹಾಲು ಸಕ್ಕರೆ ನೆಕ್ಕಿಸಿದಳು; ಹೆತ್ತ ತಾಯಿ ಪಕ್ಕದಲ್ಲೇ ಬಟ್ಟಲು ಹಿಡಿದುಕೊಂಡಿದ್ದಳು. ಮೆಣಸಿನ ಮನೆಯವನು ಬೆಳ್ಳಿಯವನಾಗಿ, ಮೊಮ್ಮಗಳಿಗೆ ಸೋದರಮಾವನ ಮಗನಾಗಿ ಎದ್ದು ನಿಂತ. ಭಾವ ತಾವೇ ತಟ್ಟೆಯನ್ನು ಮುಂದಕ್ಕೆ ನೂಕಿ ವೀಳ್ಯ ಕೊಟ್ಟರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸುಮ್ಮನೆ ಎಲ್ಲರ ತಲೆ ಸವರುತ್ತ ಹೋದೆ, ಭಾವನವರ ತಲೆಗೂ ಕೈ ಹೋಗಿತ್ತು, ಸೊಸೆ ಹಿಡಿದುಕೊಂಡಳು.

ಸಂಜೆ ಪಡಸಾಲೆಯಲ್ಲಿ ಗಂಡಸರು ಹೆಂಗಸರು ಎನ್ನದೆ ಒಂದೇ ಸಾಲಿಗೆ ಉಣ್ಣಲು ಕೂತೆವು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಹೋಳಿಗೆ. ಹುಡುಗನ ತಾಯಿ ರೊಟ್ಟಿ ಮುರಿಯುವುದನ್ನು ನನ್ನ ಕೈ ನೋಡಿ ಕಲಿತಳು. ಭಾವ ಹುಡುಗನ ತಟ್ಟೆ ನೋಡಿ, "ಬೀಗರ ಹುಡುಗಗ ಇನ್ನೊಂದು ರೊಟ್ಟಿ ಹಾಕ್ರಿ, ನಾಚಿಗೊಂತಾನ," ಎಂದರು. ನಾನು ಮುರಿದ ರೊಟ್ಟಿ ಕೈಯಲ್ಲೇ ಹಿಡಿದುಕೊಂಡು ಎಲ್ಲರನ್ನೂ ನೋಡುತ್ತಿದ್ದೆ.

"ಉಣ್ಣಜ್ಜಿ, ಆರತೈತಿ," ಎಂದಳು ಮೊಮ್ಮಗಳು.

ಉಂಡೆ.