ಜಪಾನಿ ಅಜ್ಜಿ ಕೇಳಿದ ಕಡ

"ಊಟಕ್ಕೆ ಕೂತಾಗ ನಿನ್ನ ಗಂಡ ಏನು ಮಾಡ್ತಾರೆ? ಒಂದು ಸಣ್ಣ ಅಭ್ಯಾಸ ಹೇಳು." ಪಕ್ಕದ ಮನೆಯ ಜಪಾನಿ ಅಜ್ಜಿ ಬೇಲಿಯಾಚೆಯಿಂದ ಇಂಗ್ಲಿಷಿನಲ್ಲಿ ಹೀಗೆ ಕೇಳಿದಾಗ, ಅವರ ದನಿ ಕಾಫಿಪುಡಿ ಕಡ ಕೇಳುವಷ್ಟೇ ಸಹಜವಾಗಿತ್ತು.

ಹ್ಯೂಸ್ಟನ್ ಪಕ್ಕದ ಊರಾದ ಶುಗರ್ ಲ್ಯಾಂಡಿನ ನಮ್ಮ ಬೀದಿಯ ಈ ಅಜ್ಜಿ ಕತೆಗಾರ್ತಿ. ತಾವು, ತಮ್ಮ ಗಂಡ, ಅಡುಗೆಮನೆ, ಇಷ್ಟೇ ಅವರ ವಸ್ತು. ಜಪಾನಿನ ಪತ್ರಿಕೆಯೊಂದಕ್ಕೆ ವಾರವಾರವೂ ಬರೆದು ಕಳಿಸುತ್ತಾರೆ. ಆದರೆ ಅವರ ಗಂಡ ತೀರಿಕೊಂಡು ವರ್ಷ ಕಳೆದಿದೆ. ಹ್ಯೂಸ್ಟನ್ನಿನ ಚಿತಾಗಾರಕ್ಕೆ ಅಜ್ಜಿಯನ್ನು ಕಾರಿನಲ್ಲಿ ಕರೆದೊಯ್ದವಳು ನಾನೇ.

"ಓದುಗರಿಗೆ ನೀವು ಹೇಳೇ ಇಲ್ವಾ?" ಎಂದೆ.

"ಇಲ್ಲ. ಕತೆಯಲ್ಲಿ ಅವರು ಇನ್ನೂ ಇದ್ದಾರೆ. ಆದರೆ ನನಗೆ ನೆನಪಿದ್ದದ್ದೆಲ್ಲ ಬರೆದು ಮುಗೀತು. ಈ ವಾರ ಅವರು ಮಾಡೋದಕ್ಕೆ ಏನೂ ಉಳಿದಿಲ್ಲ."

ನಮ್ಮವರು ಸಾರನ್ನು ಅಂಗೈಗೆ ಹಾಕಿಸಿಕೊಂಡು ಸೊರ್ರೆಂದು ಕುಡಿಯುವುದನ್ನು ಹೇಳಿದೆ. ಸದ್ದು ಹೇಗೆ ಬರುತ್ತದೆ ಎಂದು ಕೇಳಿದರು. ಬೇಲಿಯ ಪಕ್ಕ ನಿಂತು, ಖಾಲಿ ಅಂಗೈಯನ್ನು ಬಾಯಿಗಿಟ್ಟು ಮಾಡಿ ತೋರಿಸಿದೆ. ಅಜ್ಜಿ ಕಣ್ಣು ಮುಚ್ಚಿ ಕೇಳಿಸಿಕೊಂಡರು.

ಅಂದು ಊಟದಲ್ಲಿ ನಮ್ಮವರು ಎಂದಿನಂತೆ ಅಂಗೈಯೊಡ್ಡಿದರು. ಮದುವೆಯಾದಾಗಿನಿಂದ ಆ ಸದ್ದಿಗೆ ಬೈಯುತ್ತಾ ಬಂದವಳು ನಾನು. "ಯಾಕೆ, ಇವತ್ತು ಬೈಯಲ್ವಾ?" ಎಂದು ನಕ್ಕರು. ಇನ್ನೊಂದು ಸೌಟು ಬಡಿಸಿದೆ.

ಈಗ ಅವರು ಕನ್ನಡಕ ಹುಡುಕಿದರೂ, ಸೀನಿದರೂ ನೋಡುತ್ತಾ ನಿಂತುಬಿಡುತ್ತೇನೆ. ಇದೆಲ್ಲ ಎಷ್ಟು ವಾರಕ್ಕೆ ಆದೀತು ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕುತ್ತದೆ.