ಆ ಗೆರೆಯಲ್ಲಿ ಬರೆದ ಹೆಸರು

ಹೈಸ್ಕೂಲಿಗೆ ಸೇರಿದ ಮಗಳಿಗೆ ಸಮವಸ್ತ್ರ ತರಲು ಕಳೆದ ತಿಂಗಳು ಅಂಗಡಿಗೆ ಹೋಗಿದ್ದೆ. ಕಟ್ಟು ಬಿಚ್ಚಿದಾಗ ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಹೊಡೆಯಿತು. ಅದರ ಜೊತೆಗೇ ಅಕ್ಕ ನೆನಪಾದರು...

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮಿಷಿನ್ ಅವರದು; ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದೆವು. ಹಿನಕಲ್‌ನಿಂದ ಕೆಲಸಕ್ಕೆ ಹೋದ ಹೊಸತರಲ್ಲಿ ನನಗೆ ಕಾಲರ್ ಕೂರಿಸಲು ಬರುತ್ತಿರಲಿಲ್ಲ. ತಮ್ಮ ಊಟದ ಹೊತ್ತಿನಲ್ಲಿ ಅವರೇ ಕಲಿಸಿದರು. ಅವರಿಗೆ ಮದುವೆ ವಯಸ್ಸಿನ ಮಗನಿದ್ದ. ನನ್ನ ಮಗಳಿಗಾಗ ಹತ್ತು ತಿಂಗಳು, ಫ್ಯಾಕ್ಟರಿಯ ಮಕ್ಕಳ ಕೋಣೆಯಲ್ಲಿ ಬಿಡುತ್ತಿದ್ದೆ.

ಒಂದು ಬೆಳಿಗ್ಗೆ ನೋಡಿದರೆ ಆ ಕೋಣೆಯಲ್ಲಿ ಬಟ್ಟೆ ಮೂಟೆಗಳನ್ನು ತುಂಬಿದ್ದರು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಾನು ಅಳುತ್ತಾ ನಿಂತೆ. ಅಕ್ಕ ಮಿಷಿನ್ ಆಫ್ ಮಾಡಿ ಎದ್ದರು. "ಏಳ್ರೇ ಎಲ್ಲಾ. ಕೋಣೆ ತೆಗೆಯೋಗಂಟ ಕ್ಯಾಂಟೀನಲ್ಲೇ ಕೂರಣ." ಸಂಜೆಯವರೆಗೂ ಕೂತೆವು.

ಮಾರನೆಯ ದಿನ ಗೇಟಿಗೆ ಬೀಗ, ಮೇಲೆ ಲಾಕೌಟ್ ನೋಟಿಸು.

ಎದುರಿಗೇ ಶಾಮಿಯಾನ ಹಾಕಿ ಕೂತೆವು. ಒಂದು ವಾರ, ಎರಡು ವಾರ... ಸೆಖೆಗೆ ಮಗುವಿನ ಮೈಯೆಲ್ಲಾ ಬೆವರುಸಾಲೆ. ಮನೆಯಲ್ಲಿ ಅತ್ತೆ ಮಾತು ಬಿಟ್ಟರು. ಐದನೇ ವಾರ ಕಂಪನಿಯವರು, ಇನ್ನು ಕೆಲಸ ನಿಲ್ಲಿಸುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟವರು ಒಳಗೆ ಬರಬಹುದು ಎಂದರು.

"ಯಾರೂ ಸೈನ್ ಆಕ್ಬ್ಯಾಡಿ ಕಣ್ರವ್ವ" ಎಂದರು ಅಕ್ಕ. ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ನಾನು. ಎರಡು ದಿನ ಬಿಟ್ಟು, ಎಲ್ಲರಿಗಿಂತ ಮೊದಲು ಹೋಗಿ ಸೈನ್ ಹಾಕಿದವಳೂ ನಾನೇ.

ಆ ಕಾಗದದ ಕೊನೆಯಲ್ಲೊಂದು ಗೆರೆ ಇತ್ತು: ಕೆಲಸ ನಿಲ್ಲಿಸಲು ಹೇಳಿದವರು ಯಾರು? ಖಾಲಿ ಬಿಟ್ಟಿದ್ದೆ. "ಅದನ್ನೂ ತುಂಬಮ್ಮ" ಎಂದ ಗುಮಾಸ್ತ. ಗದರಲಿಲ್ಲ, ಹೆದರಿಸಲೂ ಇಲ್ಲ. ಅಕ್ಕನ ಹೆಸರು ಬರೆದೆ.

ಮರುದಿನ ಕಂಪನಿ ವ್ಯಾನಿನಲ್ಲಿ ಒಳಗೆ ಹೋಗುವಾಗ ಹೆಂಗಸರು ಅಡ್ಡಗಟ್ಟಿ ಕೂಗಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಕ್ಕನ ದನಿ ಕೇಳಿಸಿತು. "ದಾರಿ ಬುಡ್ರೇ. ಕೂಸು ಇರೋಳು, ಏನ್ ಮಾಡಾಳು ಪಾಪ."

ತಿಂಗಳೊಳಗೆ ಲಾಕೌಟ್ ಮುಗಿಯಿತು. ಮಕ್ಕಳ ಕೋಣೆ ಮತ್ತೆ ತೆರೆಯಿತು. ಎಲ್ಲರನ್ನೂ ಕೆಲಸಕ್ಕೆ ಕರೆದರು, ಅಕ್ಕನೊಬ್ಬರನ್ನು ಬಿಟ್ಟು. ಅವರು ದಟ್ಟಗಳ್ಳಿಯ ಮನೆಗಳಲ್ಲಿ ಅಡುಗೆ ಕೆಲಸ ಹಿಡಿದರು. ಒಮ್ಮೆ ಸಿಟಿ ಬಸ್ಸಿನಲ್ಲಿ ಸಿಕ್ಕಿ, "ಕೂಸು ಎಂಗೈತವ್ವ?" ಎಂದು ಕೇಳಿದರು. ಚೆನ್ನಾಗಿದೆ ಎಂದವಳೇ ನನ್ನದಲ್ಲದ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಹೆಸರು ಬರೆದವಳು ನಾನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ...

ಸಮವಸ್ತ್ರ ತಂದ ಮಾರನೆಯ ದಿನ, ಇನ್ನಾದರೂ ಹೇಳಿಬಿಡಬೇಕೆಂದು ಅವರ ಮನೆ ಹುಡುಕಿಕೊಂಡು ಹೋದೆ. ಸೊಸೆ ಬಾಗಿಲು ತೆಗೆದಳು. ಅಕ್ಕ ತೀರಿಕೊಂಡು ವರ್ಷವಾಗಿತ್ತು.

"ನೀವು ನಮ್ಮತ್ತೆಗೆ ಏನಾಗ್ಬೇಕು?" ಎಂದಳು.

"ಜೊತೇಲಿ ಕೆಲ್ಸ ಮಾಡ್ತಿದ್ದೆ."

ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟಳು. ಕುಡಿದೆ. ಅದಕ್ಕಿಂತ ಹೆಚ್ಚು ಹೇಳಲು ಅಂದೂ ನನ್ನಿಂದಾಗಲಿಲ್ಲ.