ಕುಂಚೊರೊನ ಇಟ್ಟಿಗೆ ಗೋಡೆ

ಸಲಾತಿಗಾ ಊರಿನ ನಮ್ಮ ಕೇರಿಯಲ್ಲಿ ಗಾರೆ ಕಾಣದ ಮನೆ ಒಂದೇ, ಮಾಸ್ ಕುಂಚೊರೊನದು. ಬಡತನದಿಂದಲ್ಲ. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ, ಸಂಬಳ ತಪ್ಪದೆ ಬರುತ್ತದೆ. ಆದರೆ ಬೀದಿ ಕಡೆಯ ಗೋಡೆಗೆ ಗಾರೆ ಮಾಡಿಸೋಣ ಎಂದು ಹೆಂಡತಿ ರುಸ್ಮಿನಿ ಬಾಯಿ ತೆರೆದರೆ ಸಾಕು, ಅವನು ಎರಡೂ ಕೈ ಅಡ್ಡ ಹಿಡಿಯುತ್ತಿದ್ದ. ಹೊಸ ಲೆನ್ಸು ತಂದಾಗ ಚಿತ್ರದ ಅಂಚಿನಲ್ಲಿ ಗೆರೆ ಬಾಗುತ್ತದೋ ಇಲ್ಲವೋ ನೋಡಲು ಇಟ್ಟಿಗೆ ಸಾಲು ಬೇಕಂತೆ. ಮನೆ ಇರುವುದು ವಾಸಕ್ಕೆ ಎನ್ನುವುದು ಆ ಮನುಷ್ಯನಿಗೆ ಎಲ್ಲಕ್ಕಿಂತ ಕೊನೆಗೆ ಹೊಳೆಯುವ ವಿಚಾರ.

ನಾನು ಅವನ ಎದುರು ಮನೆಯವಳು, ನಾನಿಕ್. ನನ್ನದು ಸಣ್ಣ ಮುದ್ರಣದಂಗಡಿ. ಮದುವೆ ಕಾಗದ, ರಸೀದಿ ಪುಸ್ತಕ, ಸತ್ತವರ ನೆನಪಿಗೆ ಹಂಚುವ ಯಾಸೀನ್ ಪ್ರಾರ್ಥನೆಯ ಪುಸ್ತಕ ಎಲ್ಲ ಮಾಡಿಕೊಡುತ್ತೇನೆ. ಫೋಟೋ ಹುಚ್ಚಿನವರೆಂದರೆ ನನಗೆ ಅಷ್ಟಕ್ಕಷ್ಟೆ. ಒಂದು ಚಿತ್ರ ಅಚ್ಚು ಹಾಕಿಸಲು ಬಂದು, ಇದರ ಹಸಿರು ಹಸಿರಾಗಿಲ್ಲ ಎಂದು ಅರ್ಧ ದಿನ ತಲೆ ತಿನ್ನುವ ಜನ ಅವರು. ಕುಂಚೊರೊ ಮಾತ್ರ ಹಾಗೆ ತಲೆ ತಿಂದವನಲ್ಲ. ಯಾಕೆಂದರೆ ಕ್ಯಾಮೆರಾ ಹಿಡಿದ ಹದಿನಾಲ್ಕು ವರ್ಷದಲ್ಲಿ ಅವನು ಒಂದೇ ಒಂದು ಚಿತ್ರವನ್ನೂ ಅಚ್ಚು ಹಾಕಿಸಿರಲಿಲ್ಲ.

ಹಾಗಂತ ತೆಗೆಯದೆ ಬಿಟ್ಟದ್ದಿಲ್ಲ. ಕೇರಿಯಲ್ಲಿ ಯಾರ ಮನೆಯಲ್ಲಿ ಮದುವೆ, ಮುಂಜಿ, ಹೆಸರಿಡುವುದು ಇದ್ದರೂ ಕತ್ತಿನಲ್ಲಿ ಎರಡು ಕ್ಯಾಮೆರಾ, ಬೆನ್ನ ಮೇಲೆ ಗುಡ್ಡದಂಥ ಚೀಲ ಹೊತ್ತು ಹಾಜರು. ಚಿತ್ರ ಕೊಡಿ ಎಂದರೆ ಅದಿನ್ನೂ ಹಸಿ, ಕಂಪ್ಯೂಟರಿನಲ್ಲಿ ಬೇಯಿಸಿ ಕೊಡಬೇಕು ಎನ್ನುತ್ತಿದ್ದ. ಬೇಯಿಸಲು ಕಂಪ್ಯೂಟರಿಗೆ ಶಕ್ತಿ ಸಾಲದು. ಮೆಮೊರಿ ಹೆಚ್ಚಿಸಿದ, ಸಾಲಲಿಲ್ಲ. ಗ್ರಾಫಿಕ್ಸ್ ಕಾರ್ಡು ಹಾಕಿಸಿದ, ಅದಕ್ಕೆ ಹಳೆಯ ಡಬ್ಬಿ ಸಾಲಲಿಲ್ಲ. ಡಬ್ಬಿ ಬದಲಾಯಿಸಿದ, ಆಗ ಮಾನಿಟರಿನ ಬಣ್ಣ ಸುಳ್ಳು ಹೇಳುತ್ತಿದೆ ಎಂದು ಗೊತ್ತಾಯಿತು. ಅಷ್ಟರಲ್ಲಿ ಹೆಸರಿಟ್ಟ ಕೂಸು ಶಾಲೆಗೆ ಸೇರಿ, ಚಿತ್ರ ಎಲ್ಲಿ ಎಂದು ತಾನೇ ಬಂದು ಕೇಳಿತು.

ಭಾನುವಾರ ಅವನ ಫೋಟೋ ಸಂಘದವರು ಸೇರುತ್ತಿದ್ದರು. ಒಬ್ಬನಿಗೆ ಇನ್ನೊಬ್ಬನು ಹೊಸ ಸಾಮಾನಿನ ಆಸೆ ಹಚ್ಚುವುದಕ್ಕೆ ಅವರ ಮಾತಿನಲ್ಲಿ ವಿಷ ಹಾಕುವುದು ಎಂದು ಹೆಸರು. ವಿಷ ಹಾಕುವುದರಲ್ಲಿ ಎಲ್ಲರಿಗಿಂತ ಮುಂದಿದ್ದವನು ಔಷಧಿ ಅಂಗಡಿಯ ಹರ್ಜೊನೊ. ತನ್ನ ಲೆನ್ಸನ್ನು ಎರಡು ದಿನ ಇಟ್ಟುಕೊಳ್ಳಿ ಎಂದು ಬಿಟ್ಟುಹೋಗುತ್ತಿದ್ದ. ಮೂರನೆಯ ದಿನ ಕುಂಚೊರೊ ಜ್ವರ ಬಂದವನ ಹಾಗೆ ಓಡಾಡುತ್ತಿದ್ದ. ಮಳೆಯ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯಬಾರದೆಂದು ಗಾಜಿನ ಬಾಗಿಲಿನ ಒಣ ಪೆಟ್ಟಿಗೆ ಬೇರೆ ತಂದ. ರುಸ್ಮಿನಿ ಅದರ ಕೆಳಗಿನ ಅಂತಸ್ತಿನಲ್ಲಿ ಸೀಗಡಿ ಹಪ್ಪಳ ತುಂಬಿಟ್ಟಳು. ಗಂಡನ ಹವ್ಯಾಸದಿಂದ ಮನೆಗೆ ಆದ ಉಪಕಾರ ಇದೊಂದೇ ಎಂದು ಗರಿಗರಿ ಹಪ್ಪಳ ಮುರಿದು ತೋರಿಸುತ್ತಿದ್ದಳು.

ಆ ಇಟ್ಟಿಗೆ ಗೋಡೆಯ ಬುಡದಲ್ಲಿ ಒಂದು ಮರದ ಮಣೆ, ಗಾಳಿ ಪಂಪು, ಬೋಗುಣಿಯಲ್ಲಿ ನೀರು ಇಟ್ಟುಕೊಂಡು ಪಾಕ್ ಜುಮಾದಿ ಪಂಕ್ಚರ್ ಹಾಕುತ್ತಿದ್ದರು. ನಮ್ಮಲ್ಲಿ ಅಣ್ಣನಂಥವರಿಗೆ ಮಾಸ್, ಹಿರಿಯರಿಗೆ ಪಾಕ್, ಅಮ್ಮನಂಥವರಿಗೆ ಬು ಎನ್ನುತ್ತೇವೆ. ಒಳ್ಳೆಯ ಮನುಷ್ಯ. ಟೈರಿನ ಮೇಲೆ ಬಗ್ಗಿಯೇ ಆಯುಷ್ಯ ಕಳೆದರು. ಎರಡು ವರ್ಷ ಒಂಬತ್ತು ತಿಂಗಳ ಹಿಂದೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವರು ಮೇಲೇಳಲಿಲ್ಲ.

ಮೊನ್ನೆ ಜೂನ್ ತಿಂಗಳ ಒಂದು ಸೋಮವಾರ ಅವರ ಹೆಂಡತಿ ಬು ಲಾಸ್ಮಿ ನನ್ನ ಅಂಗಡಿಗೆ ಬಂದರು. ಗಂಡ ತೀರಿಕೊಂಡ ಸಾವಿರನೆಯ ದಿನದ ಪ್ರಾರ್ಥನೆ ಶುಕ್ರವಾರ ಇತ್ತು. ಬಂದವರಿಗೆ ಕೊಡಲು ನೂರು ಯಾಸೀನ್ ಪುಸ್ತಕ ಬೇಕು, ಮೊದಲ ಪುಟದಲ್ಲಿ ಅವರ ಚಿತ್ರ ಬೇಕು. ನಲವತ್ತನೆಯ ದಿನಕ್ಕೂ ನೂರನೆಯ ದಿನಕ್ಕೂ ಕೈಯಲ್ಲಿ ಆಗಿರಲಿಲ್ಲ. ಉಳಿದಿರುವುದು ಇದೊಂದೇ ದಿನ, ಇದರ ಮೇಲೆ ಇನ್ನೊಂದಿಲ್ಲ. ತಂದದ್ದು ಗುರುತಿನ ಚೀಟಿ. ಅದರಲ್ಲಿ ಪಾಕ್ ಜುಮಾದಿ ಸೈಕಲ್ ಕದ್ದು ಸಿಕ್ಕಿಬಿದ್ದವರ ಹಾಗೆ ಕಣ್ಣು ಬಿಟ್ಟಿದ್ದರು.

ಬೇರೆ ಇಲ್ಲವೇ ಎಂದೆ. ಮದುವೆಯ ಚಿತ್ರ ಗೆದ್ದಲಿಗೆ ಹೋಗಿತ್ತು. ಮಕ್ಕಳಿಲ್ಲದ ಮನೆ, ಇದ್ದದ್ದು ಗುಂಡಿ ಒತ್ತುವ ಫೋನು. ನೆರೆಯವರ ಮೊಬೈಲುಗಳಲ್ಲಿ ಅವರ ಬೆನ್ನು ಬೇಕಾದಷ್ಟಿದೆ, ಮುಖವಿಲ್ಲ.

"ಮಾಸ್ ಕುಂಚೊರೊ ಯಾವಾಗ್ಲೂ ತೆಗೀತಿದ್ರಲ್ಲ," ಎಂದರು ಬು ಲಾಸ್ಮಿ. "ಒಂದಾದ್ರೂ ಇರತ್ತೆ. ಕೇಳೋಕೆ ನಂಗೆ ಸಂಕೋಚ. ನೀವೂ ಬನ್ನಿ."

ನನಗೆ ಸಂಕೋಚ ಎಂಬುದು ಮೊದಲಿನಿಂದಲೂ ಕಡಿಮೆ. ಅಂಗಡಿಗೆ ಬಾಗಿಲು ಎಳೆದು ಅವರನ್ನು ಕರೆದುಕೊಂಡು ರಸ್ತೆ ದಾಟಿದೆ.

ಕುಂಚೊರೊ ಕಚೇರಿಯಿಂದ ಬಂದು ಕಂಪ್ಯೂಟರ್ ಮುಂದೆ ಕುಳಿತಿದ್ದ. ಅದು ಓಡುವಾಗ ಅನ್ನದ ಕುಕ್ಕರ್ ಹಾಕುವ ಹಾಗಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಇಡೀ ಮನೆಯ ಕರೆಂಟು ಹಾರುತ್ತದೆ. ವಿಷಯ ಹೇಳಿದೆವು. ಅವನ ಮುಖ ಅರಳಿತು. ನೆರೆಹೊರೆ ಎಂದೇ ಒಂದು ವಿಭಾಗ ಇದೆ, ಐದು ಕಡೆ ನಕಲು ಇಟ್ಟಿದ್ದೇನೆ, ಒಂದು ತಂಗಿಯ ಮನೆಯಲ್ಲಿದೆ, ಬೆಂಕಿ ಬಿದ್ದರೂ ಚಿಂತೆಯಿಲ್ಲ ಎಂದ.

ಮೊದಲನೆಯದು ಸ್ವಾತಂತ್ರ್ಯದಿನದ ಹಪ್ಪಳ ತಿನ್ನುವ ಸ್ಪರ್ಧೆ. ಮುಂದೆ ಒಂದು ಹುಡುಗಿ, ಬಾಯಿಂದ ಉದುರುವ ಹಪ್ಪಳದ ಪುಡಿಯೂ ಎಣಿಸುವಷ್ಟು ಸ್ಪಷ್ಟ. ಹಿಂದೆ ಎಲ್ಲ ಮಂಜು.

"ಹಿನ್ನೆಲೆ ಮಸುಕು ನೋಡಿ ಬು, ಎಷ್ಟು ಮೃದು. ಬೆಣ್ಣೆ ಥರ," ಎಂದ ಕುಂಚೊರೊ. "ಈ ಲೆನ್ಸಿಗೆ ಮಾತ್ರ ಹೀಗ್ ಬರೋದು."

"ಚೆನ್ನಾಗಿದೆ. ನಮ್ಮನೆಯೋರು ಎಲ್ಲಿ?"

ಕುಂಚೊರೊ ಹಿನ್ನೆಲೆಯ ಮೇಲೆ ಬೆರಳಿಟ್ಟ. "ಆ ಬೆಣ್ಣೆನೇ," ಎಂದ.

ಎರಡನೆಯದರಲ್ಲೂ ಬೆಣ್ಣೆ, ಇಪ್ಪತ್ತನೆಯದರಲ್ಲೂ ಬೆಣ್ಣೆ. ಮದುವೆಯ ಊಟದಲ್ಲಿ ಮೆಣಸಿನಕಾಯಿ ಸ್ಪಷ್ಟ, ತಿನ್ನುತ್ತಿದ್ದ ಪಾಕ್ ಜುಮಾದಿ ಕಂದು ಬಣ್ಣದ ಒಂದು ಉಂಡೆ. ಬು ಲಾಸ್ಮಿ ಪ್ರತಿಯೊಂದನ್ನೂ ಬಗ್ಗಿ ನೋಡಿ ಹೌದು, ಅಂಗಿ ಅವರದ್ದೇ ಎನ್ನುತ್ತಿದ್ದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ಒಣ ಪೆಟ್ಟಿಗೆಯನ್ನು ಹಪ್ಪಳದ ಸಮೇತ ಬೀದಿಗೆ ಎಸೆಯಬೇಕು ಅನಿಸಿತು. ಪಕ್ಕದ ವಿಭಾಗದಲ್ಲಿ ಬಕಪಕ್ಷಿಗಳ ಚಿತ್ರ ಎಂಟು ಸಾವಿರ ಇಟ್ಟುಕೊಂಡಿದ್ದೀರಿ, ದಿನಾ ನಿಮ್ಮ ಗೋಡೆಗೆ ಒರಗಿ ಕೂರುತ್ತಿದ್ದ ಮನುಷ್ಯನದು ಒಂದಿಲ್ಲವೇ ಎಂದು ಬಾಯಿಬಿಟ್ಟೇ ಕೇಳಿದೆ.

ಗೋಡೆ ಎಂದದ್ದೇ ತಡ, ಕುಂಚೊರೊ ಎದ್ದು ನಿಂತ. ಪರೀಕ್ಷೆಯ ಚಿತ್ರಗಳು ಎಂದ. ಹೊಸ ಲೆನ್ಸು ಬಂದಾಗಲೆಲ್ಲ ಪಾಕ್ ಜುಮಾದಿಯವರನ್ನು ಮಣೆಯ ಮೇಲೆ ನೆಟ್ಟಗೆ ಕೂರಿಸಿ, ಕೈಗೆ ಪತ್ರಿಕೆ ಕೊಟ್ಟು ತೆಗೆಯುತ್ತಿದ್ದ. ಗೋಡೆಯಲ್ಲಿ ಗೆರೆ ನೋಡುವುದು, ಪತ್ರಿಕೆಯಲ್ಲಿ ಅಕ್ಷರ ನೋಡುವುದು, ಕಣ್ಣಿನಲ್ಲಿ ರೆಪ್ಪೆ ನೋಡುವುದು, ಅಲ್ಲಿಗೆ ಅದರ ಕೆಲಸ ಮುಗಿಯಿತು. ಅವೆಲ್ಲ ಕಸ ಎಂದು ನಕಲು ಮಾಡಿರಲಿಲ್ಲ. ಕಂಪ್ಯೂಟರಿನಿಂದ ಕಿತ್ತ ಹಳೆಯ ಡಿಸ್ಕೊಂದರಲ್ಲಿ ಉಳಿದಿದ್ದವು.

ಆ ಡಿಸ್ಕು ಎಲ್ಲಿ ಎಂದರೆ ಗೊತ್ತಿಲ್ಲ. ಖಾನೆಗಳನ್ನೆಲ್ಲ ಕೆದಕಿದ. ಬ್ಯಾಟರಿ, ವಯರು, ಹೆಸರಿಲ್ಲದ ಮುಚ್ಚಳ, ಎಲ್ಲ ಬಂತು, ಅದು ಬರಲಿಲ್ಲ. ಆಗ ರುಸ್ಮಿನಿ ಅಡುಗೆಮನೆಯಿಂದ, ಕಪ್ಪಗೆ ಸೋಪಿನ ಹಾಗಿರುವುದು ತಾನೆ ಎಂದು ಕೇಳಿದಳು. ಹೊಲಿಗೆ ಯಂತ್ರದ ಒಂದು ಕಾಲು ಗಿಡ್ಡ, ಮೂರು ವರ್ಷದಿಂದ ಅದರಡಿ ಇಟ್ಟಿದ್ದೇನೆ, ಎತ್ತರ ಸರಿಯಾಗಿದೆ ಎಂದಳು.

ಕುಂಚೊರೊ ನೆಲದ ಮೇಲೆ ಕುಕ್ಕರಿಸಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಸಿಕ್ಕಿಸಿದರೆ ಟಿಕ್ ಟಿಕ್ ಎಂದು ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು. ತೆರೆಯ ಮೇಲೆ ಏನೂ ಇಲ್ಲ. ಕಿತ್ತ, ಮತ್ತೆ ಸಿಕ್ಕಿಸಿದ. ಮೂರನೆಯ ಸಲ ಹೆಸರುಗಳ ಪಟ್ಟಿ ಕಾಣಿಸಿಕೊಂಡಿತು, ಅಷ್ಟರಲ್ಲಿ ಫಟ್ಟೆಂದು ಇಡೀ ಮನೆ ಆರಿಹೋಯಿತು. ಅಭ್ಯಾಸಬಲದಿಂದ ರುಸ್ಮಿನಿ ಅನ್ನಕ್ಕಿಟ್ಟಿದ್ದಳು.

ಅವಳು ಹೋಗಿ ಕುಕ್ಕರ್ ಕಿತ್ತಳು, ಫ್ರಿಜ್ ಕಿತ್ತಳು, ಇಸ್ತ್ರಿ ಪೆಟ್ಟಿಗೆ ಕಿತ್ತಳು, ಒಣ ಪೆಟ್ಟಿಗೆಯ ತಂತಿಯನ್ನೂ ಎಳೆದಳು. "ಇವತ್ತು ಅನ್ನ ಇಲ್ಲ," ಎಂದಳು. "ತೆಗೀರಿ ಅದನ್ನ." ಬು ಲಾಸ್ಮಿ ಕುರ್ಚಿಯ ತುದಿಯಲ್ಲಿ ಗುರುತಿನ ಚೀಟಿಯನ್ನು ಹಿಡಿದುಕೊಂಡೇ ಕುಳಿತಿದ್ದರು.

ಕರೆಂಟಿನ ಗುಂಡಿ ಎತ್ತಿದ ಮೇಲೆ ಡಿಸ್ಕು ಈ ಸಲ ತೆರೆದುಕೊಂಡಿತು. ಎಪ್ಪತ್ತಮೂರು ಚಿತ್ರ.

ಕುಂಚೊರೊ ಮೊದಲನೆಯದನ್ನು ಒತ್ತಿ, ಕೈಗೆ ಅಂಟಿದ ಚಾಳಿಯಂತೆ ಹಿಗ್ಗಿಸುತ್ತಾ ಹೋದ. ತೆರೆಯ ತುಂಬ ಒಂದು ಕಣ್ಣು. ರೆಪ್ಪೆ ಒಂದೊಂದೂ ಬೇರೆ ಬೇರೆ ಕಾಣುತ್ತಿದೆ, ಲೆನ್ಸು ಚೊಕ್ಕವಾಗಿತ್ತು ಎಂದ.

"ರೆಪ್ಪೆ ಬೇಡ ಮಾಸ್," ಎಂದರು ಬು ಲಾಸ್ಮಿ. "ಮುಖ ತೋರ್ಸಿ."

ಅವನು ಕುಗ್ಗಿಸಿದ. ಇಟ್ಟಿಗೆ ಗೋಡೆಯ ಮುಂದೆ ಪತ್ರಿಕೆ ಹಿಡಿದು, ಆಯ್ತಾ ಎಂದು ಕೇಳುವ ಮುಖ ಮಾಡಿ ಪಾಕ್ ಜುಮಾದಿ ಕುಳಿತಿದ್ದರು. ಮುಂದಿನದರಲ್ಲೂ ಹಾಗೆಯೇ. ಅದರ ಮುಂದಿನದರಲ್ಲಿ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಈ ಹಲ್ಲು ಹೋದದ್ದು ಹಬ್ಬದ ಹಿಂದಿನ ದಿನ, ಈ ಅಂಗಿ ನನ್ನ ಅಣ್ಣ ಕೊಟ್ಟದ್ದು ಎಂದು ಬು ಲಾಸ್ಮಿ ಹೇಳುತ್ತಾ ಹೋದರು. ಹನ್ನೊಂದು ವರ್ಷ ಒಬ್ಬ ಮನುಷ್ಯ ನಮ್ಮ ಮುಂದೆ ಮುದುಕನಾದ. ಕುಂಚೊರೊನ ಮೂಗು ಕೆಂಪಾಯಿತು. ಆ ರೆಪ್ಪೆಗಳನ್ನು ಕತ್ತಲಲ್ಲೂ ಗುರುತು ಹಿಡಿಯಬಲ್ಲವನು ಈ ಮುಖವನ್ನು ಪೂರ್ತಿಯಾಗಿ ನೋಡಿದ್ದು ಅವತ್ತೇ ಮೊದಲು. ನನಗೆ ಅವನ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ನಲವತ್ತೊಂದನೆಯದಕ್ಕೆ ಬು ಲಾಸ್ಮಿ ಕೈ ಎತ್ತಿದರು. ಅದರಲ್ಲಿ ಪಾಕ್ ಜುಮಾದಿ ಕ್ಯಾಮೆರಾ ನೋಡುತ್ತಿರಲಿಲ್ಲ. ಪಕ್ಕಕ್ಕೆ ತಿರುಗಿ, ಹೋದ ಹಲ್ಲುಗಳ ಜಾಗವೆಲ್ಲ ಕಾಣುವ ಹಾಗೆ ನಗುತ್ತಿದ್ದರು. ಇದೇ ಇರಲಿ ಎಂದರು.

ಕುಂಚೊರೊ ಹೌಹಾರಿದ. ಪತ್ರಿಕೆ ಸ್ಪಷ್ಟ, ಮುಖ ತುಸು ಮಸುಕು, ಇದು ಕೆಟ್ಟ ಲೆನ್ಸು, ಮಾರನೆಯ ದಿನವೇ ಅಂಗಡಿಗೆ ತಿರುಗಿಸಿದ್ದೆ ಎಂದ. ಚಿತ್ರದ ಹೆಸರೇ ಕೆಟ್ಟದ್ದು, ವಾಪಸ್ ಎಂದಿತ್ತು. ಬೇಕೇ ಬೇಕೆಂದರೆ ಮುಖವನ್ನು ಸ್ವಲ್ಪ ಚೂಪು ಮಾಡಿ, ಅಂಚಿನಲ್ಲಿ ಯಾರದೋ ಕೈ ನುಗ್ಗಿದೆ, ಅದನ್ನು ಕತ್ತರಿಸಿ ಕೊಡುತ್ತೇನೆ ಎಂದ. ನಾನು ಆಗ ನೋಡಿದೆ. ಬಲ ಅಂಚಿನಲ್ಲಿ ಬಳೆಯಿಲ್ಲದ ಒಂದು ಕೈ, ಕೈಯಲ್ಲಿ ಕಾಫಿ ಲೋಟ.

"ಅದು ನನ್ನ ಕೈ," ಎಂದರು ಬು ಲಾಸ್ಮಿ. "ಅದನ್ನ ಕತ್ತರಿಸಿದ್ರೆ ಅವ್ರು ಯಾರನ್ನ ನೋಡಿ ನಗ್ತಿದಾರೆ ಅಂತ ಗೊತ್ತಾಗೋದು ಹೇಗೆ?"

ಕುಂಚೊರೊ ಆ ಚಿತ್ರವನ್ನು ಬೇಯಿಸದೆ, ಹಸಿಯಾಗಿಯೇ, ನನಗೆ ಕೊಟ್ಟ. ಹದಿನಾಲ್ಕು ವರ್ಷದಲ್ಲಿ ಅವನ ಮನೆಯಿಂದ ಹೊರಬಿದ್ದ ಮೊದಲ ಚಿತ್ರ ಅದು. ನಾನು ಬುಧವಾರ ಅಚ್ಚು ಹಾಕಿ ಗುರುವಾರ ಹೊಲಿಗೆ ಮುಗಿಸಿದೆ, ಕೈ ಇದ್ದ ಹಾಗೆಯೇ ಇತ್ತು.

ಶುಕ್ರವಾರ ಪ್ರಾರ್ಥನೆ ಮುಗಿದು ಊಟದ ಪೊಟ್ಟಣ ಹಂಚುವಾಗ ಔಷಧಿ ಅಂಗಡಿಯ ಹರ್ಜೊನೊ ಪುಸ್ತಕದ ಮೊದಲ ಪುಟ ತೆರೆದವನು ಮುಚ್ಚಲೇ ಇಲ್ಲ. ಬೆಳಕಿಗೆ ಹಿಡಿದ, ದೂರ ಹಿಡಿದ. ಕೊನೆಗೆ ಕುಂಚೊರೊನ ಪಕ್ಕಕ್ಕೆ ಸರಿದು, ಯಾವ ಲೆನ್ಸು ಎಂದು ಪಿಸುಗುಟ್ಟಿದ. ಆ ಪ್ರಶ್ನೆಗೆ ಅರ್ಧ ಗಂಟೆ ಉತ್ತರ ಹೇಳುವ ಮನುಷ್ಯ ಕುಂಚೊರೊ. ನಾನು ಹಿಂದೆಯೇ ಕುಳಿತು ಕಿವಿ ನೆಟ್ಟಗೆ ಮಾಡಿದೆ.

"ಲೆನ್ಸಲ್ಲ," ಎಂದ ಕುಂಚೊರೊ. "ಬು ಲಾಸ್ಮಿ ಕಾಫಿ ತಂದಿದ್ರು."